ಕಣ್ಣಿದ್ದವರು ಕನಕಗಿರಿ ನೋಡಬೇಕು



"ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಹಂಪಿಯನ್ನು ಸುತ್ತಲು ಕಾಲಲ್ಲಿ ಕಸುವು ಬೇಕು. ಕನಕಾಚಲಪತಿ ಗುಡಿಯ ಕಂಬಗಳ ಕೆತ್ತನೆ, ಗಾರೆಯ ಗೊಂಬೆಗಳು, ವೆಂಕಟಪತಿ ಬಾವಿಯ ಶಿಲ್ಪ ಇವು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣಿಗೆ ಮಾತ್ರ ಒಲಿಯುವಂಥವು. ಊರಿನ ಹೊಗಳಿಕೆಗೆ ಹುಟ್ಟಿದ ಈ ಮಾತಿನಲ್ಲಿ "ಕಣ್ಣಿದ್ದವರು" ಎಂಬ ಪದವೇ, ಅರವತ್ತು ದಾಟಿದ ಮೇಲೆ, ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ.

ಕಣ್ಣಿನ ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿಯೇ ಅದರ ವಿವರಣೆಯಿದೆ. ಮಬ್ಬಾದ ಮಸೂರವನ್ನು ಶಲಾಕೆಯಿಂದ ಬದಿಗೆ ಸರಿಸುವ ಆ ಕ್ರಮವೇ ಶತಮಾನಗಳ ಕಾಲ ನಡೆಯಿತು. ಮಸೂರವನ್ನು ಹೊರತೆಗೆಯುವ ಪದ್ಧತಿಗೆ ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ನಾಂದಿ ಹಾಡಿದನು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ 1913ರಲ್ಲಿ ಎದ್ದಿತಾದರೂ ಅದು ಮೈಸೂರು ಸಂಸ್ಥಾನದ್ದು. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಭಾಗದ ಬಡ ರೈತನಿಗೆ ಅದು ಬಲು ದೂರ.

ಈ ದೂರವನ್ನು ಅಳಿಸಿದವರು ನಮ್ಮ ನೆರೆಯವರೇ ಆದ ಡಾ. ಎಂ. ಸಿ. ಮೋದಿಯವರು. 1916ರಲ್ಲಿ ಬೀಳಗಿಯಲ್ಲಿ ಜನಿಸಿದ ಮುರುಗಪ್ಪ ಚನ್ನವೀರಪ್ಪ ಮೋದಿಯವರು 1943ರಿಂದ ಉಚಿತ ನೇತ್ರ ಶಿಬಿರಗಳನ್ನು ನಡೆಸತೊಡಗಿದರು. ರೋಗಿ ಆಸ್ಪತ್ರೆಗೆ ಹೋಗಲಾರನಾದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕೆಂಬುದು ಅವರ ಕಾರ್ಯದ ತಿರುಳಾಗಿತ್ತು. ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದರೆಂದೂ, 1993ರ ಫೆಬ್ರವರಿಯ ಹೊತ್ತಿಗೆ ಅವರ ಶಸ್ತ್ರಚಿಕಿತ್ಸೆಗಳ ಒಟ್ಟು ಸಂಖ್ಯೆ 6,10,564 ಎಂದೂ ಗಿನ್ನೆಸ್ ದಾಖಲೆ ಹೇಳುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಆ ಪುಣ್ಯಾತ್ಮರು 2005ರ ನವೆಂಬರಿನಲ್ಲಿ ನಿಧನರಾದರು.

ಶಿಬಿರಗಳ ಉಪಕಾರವನ್ನು ನಾವು ಮರೆಯುವಂತಿಲ್ಲ. ಆದರೆ ಆ ಕಾಲ ನಮ್ಮ ಜನರಲ್ಲಿ ಒಂದು ರೂಢಿಯನ್ನೂ ಉಳಿಸಿಹೋಯಿತು. ಅದು ಕಾಯುವ ರೂಢಿ. "ಪೊರೆ ಹಣ್ಣಾಗಲಿ, ಆಮೇಲೆ ನೋಡೋಣ" ಎಂಬ ಮಾತು ಇಂದಿಗೂ ಕಟ್ಟೆಯ ಮೇಲೆ ಕೇಳಿಬರುತ್ತದೆ. ಅಂದು ಅದಕ್ಕೆ ಅರ್ಥವಿತ್ತು. ಮಸೂರವನ್ನು ಇಡಿಯಾಗಿ ತೆಗೆದ ಮೇಲೆ ರೋಗಿಯು ಬದುಕಿರುವ ತನಕ ಸೀಸೆಯ ತಳದಂಥ ದಪ್ಪ ಕನ್ನಡಕವನ್ನೇ ನೆಚ್ಚಬೇಕಿತ್ತು. ನಾನು ಶಾಲೆಗೆ ಹೋಗುತ್ತಿದ್ದ 1970ರ ದಶಕದಲ್ಲಿ ಅಂಥ ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದುಕೊಂಡ ಹಿರಿಯರನ್ನು ಎಷ್ಟೋ ಕಂಡಿದ್ದೇನೆ. ಅಲ್ಪಸ್ವಲ್ಪ ಕಾಣುತ್ತಿದ್ದವನು ಆ ಕಷ್ಟಕ್ಕೆ ಏಕೆ ಒಪ್ಪಿಯಾನು?

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣೊಳಗೇ ಕೃತಕ ಮಸೂರವನ್ನಿಡುವ ಪ್ರಯೋಗ ಮಾಡಿದರು. 1992ರಲ್ಲಿ ಮಧುರೈಯ ಅರವಿಂದ ಸಂಸ್ಥೆಯ ಆರೋಲ್ಯಾಬ್ ಅದನ್ನು ಅಗ್ಗದ ಬೆಲೆಗೆ ತಯಾರಿಸತೊಡಗಿತು. ಈಗ ಪೊರೆ ಹಣ್ಣಾಗುವವರೆಗೆ ಕಾಯಬೇಕಿಲ್ಲ. ಅತಿಯಾಗಿ ಬಲಿತ ಪೊರೆಯಿಂದ ಅಪಾಯವೇ ಹೆಚ್ಚು. ಆದರೂ 2015-19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಕುರುಡುತನದಲ್ಲಿ ಶೇಕಡಾ 66.2ರಷ್ಟಕ್ಕೆ ಪೊರೆಯೇ ಕಾರಣ.

ಕಾಯುವುದರಲ್ಲಿ ಇನ್ನೊಂದು ದೊಡ್ಡ ಅಪಾಯವಿದೆ. ನಮ್ಮ ಬಂಧುವರ್ಗದ ಹಿರಿಯ ತಾಯಿಯೊಬ್ಬರು ದೃಷ್ಟಿ ಮಸುಕಾದುದನ್ನು ಪೊರೆಯೆಂದೇ ಬಗೆದು ನಾಲ್ಕು ವರ್ಷ ಕಾದರು. ಕೊನೆಗೆ ತಿಳಿದುಬಂದದ್ದು ಗ್ಲಾಕೋಮಾ. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದನ್ನು ಹನಿ ಔಷಧ ಉಳಿಸಿತು. ಪೊರೆಯಿಂದ ಹೋದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮರಳಿ ಪಡೆಯಬಹುದು. ಗ್ಲಾಕೋಮಾ ದೃಷ್ಟಿನರವನ್ನೇ ಸವೆಸುವುದರಿಂದ ಹೋದದ್ದು ಮರಳದು. ಬಹುಪಾಲು ಅದು ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕಬಳಿಸುತ್ತ ಬರುತ್ತದೆ. ಸಕ್ಕರೆ ಕಾಯಿಲೆಯೂ ಹಾಗೆಯೇ ಸದ್ದಿಲ್ಲದೆ ಅಕ್ಷಿಪಟಲವನ್ನು ಕೆಡಿಸುತ್ತದೆ.

ಓದುವ ಕನ್ನಡಕಕ್ಕೆ ನಮ್ಮವರು "ಚಾಳೀಸು" ಎನ್ನುತ್ತಾರಷ್ಟೆ. ಹಿಂದುಸ್ತಾನಿಯಲ್ಲಿ ಆ ಪದಕ್ಕೆ ನಲವತ್ತು ಎಂದರ್ಥ. ಮೊದಲ ಪೂರ್ಣ ಪರೀಕ್ಷೆಗೆ ಅದೇ ತಕ್ಕ ವಯಸ್ಸು. ಐವತ್ತೈದರ ನಂತರ ಮೂರು ವರ್ಷಕ್ಕೊಮ್ಮೆಯಾದರೂ, ಅರವತ್ತೈದರ ನಂತರ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಸಕ್ಕರೆ ಕಾಯಿಲೆಯಿದ್ದರೆ ಪ್ರತಿವರ್ಷ ತೋರಿಸಬೇಕು. ಗ್ಲಾಕೋಮಾ ಇದ್ದವರ ಒಡಹುಟ್ಟಿದವರೂ ಮಕ್ಕಳೂ ವಿಶೇಷ ಎಚ್ಚರ ವಹಿಸಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರು ನೋಡಿಸಿದರೆ ಸಾಲದು. ಕಣ್ಣಿನ ಒತ್ತಡ ಅಳೆದು, ಹನಿ ಹಾಕಿ ಒಳಭಾಗವನ್ನು ವೈದ್ಯರು ನೋಡಬೇಕು.

ನನ್ನ ಮೊದಲ ತಂಡದ ವಿದ್ಯಾರ್ಥಿಗಳು ಈಗ ಐವತ್ತರ ಆಸುಪಾಸಿನವರು. ಅವರ ತಂದೆತಾಯಿಯರು ಎಂಬತ್ತರ ಹತ್ತಿರದವರು. ಫಾಲ್ಗುಣದ ಜಾತ್ರೆಗೆ ಊರಿಗೆ ಬಂದಾಗ ತೇರು ಎಳೆದು ಮರುದಿನವೇ ಬಸ್ಸು ಹತ್ತಬೇಡಿ. ಒಂದು ದಿನ ಹೆಚ್ಚಿಗೆ ನಿಂತು ಹಿರಿಯರನ್ನು ಗಂಗಾವತಿಗೋ ಕೊಪ್ಪಳಕ್ಕೋ ಕರೆದೊಯ್ದು ಕಣ್ಣು ತೋರಿಸಿರಿ. ಅವರ ಜೊತೆಗೆ ನೀವೂ ತೋರಿಸಿಕೊಳ್ಳಿರಿ. ನಿಮ್ಮ ಮೇಷ್ಟ್ರು ಕೊಡುವ ಮನೆಗೆಲಸವೆಂದೇ ಇದನ್ನು ತಿಳಿಯಿರಿ.