ಲೂಟ್ ಬಾಕ್ಸ್ ನಿಯಂತ್ರಣ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ಹಣ ಕೊಟ್ಟು ತೆರೆಯುವ ವಿಡಿಯೊ ಆಟದ ವ್ಯವಸ್ಥೆಗೆ ಲೂಟ್ ಬಾಕ್ಸ್ ಎಂದು ಹೆಸರು. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಿಗೆ ಅನ್ವಯಿಸುವುದು ರಾಜ್ಯ ಮತ್ತು ಕೇಂದ್ರದ ಜೂಜು ಕಾಯ್ದೆಗಳೇ. ಅವುಗಳಲ್ಲಿ ಒಂದೂ ಈ ಪೆಟ್ಟಿಗೆಯನ್ನು ಹೆಸರಿಸಿಲ್ಲ.

ಈ ಸೀಮೆಗೆ ಪರಿಚಿತ ಜೂಜು ಮಟಕಾ, ಜನರ ಬಾಯಲ್ಲಿ ಓಸಿ. ಮುಂಬೈಯಲ್ಲಿ ಹತ್ತಿ ಧಾರಣೆಯ ಓಪನ್, ಕ್ಲೋಸ್ ಅಂಕಿಗಳ ಮೇಲೆ ಹಣ ಕಟ್ಟುವುದರಿಂದ ಅದು ಬೆಳೆಯಿತು. ಆಡುವವನು ಅಂಕಿ ಹೇಳುತ್ತಾನೆ, ಬುಕ್ಕಿ ಚೀಟಿ ಬರೆದುಕೊಡುತ್ತಾನೆ. ಅಂಕಿ ಹೊಡೆದರೆ ರೊಕ್ಕ, ಇಲ್ಲದಿದ್ದರೆ ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 78ನೇ ಕಲಂ ಇದಕ್ಕೆ ಅನ್ವಯಿಸುತ್ತದೆ. ಕೌಶಲದ ಆಟಗಳಿಗೆ 176ನೇ ಕಲಂ ವಿನಾಯಿತಿ ಕೊಟ್ಟಿದೆ. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2007ರಲ್ಲಿ ರಾಜ್ಯ ಲಾಟರಿಯನ್ನು ನಿಲ್ಲಿಸಿತು.

ಮೊಬೈಲಿನ ಆಟದಲ್ಲಿ ರೊಕ್ಕದ ದಾರಿ ಬೇರೆ. ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟದಲ್ಲಿ ಹುಡುಗ ರೂಪಾಯಿ ಕೊಟ್ಟು ‘ಯುಸಿ’ ಎಂಬ ಆಟದ ನಾಣ್ಯ ಕೊಳ್ಳುತ್ತಾನೆ, ಯುಸಿ ಕೊಟ್ಟು ಕ್ರೇಟ್, ಅಂದರೆ ಲೂಟ್ ಬಾಕ್ಸ್, ತೆರೆಯುತ್ತಾನೆ. ಬಯಸಿದ ಬಂದೂಕಿನ ಸ್ಕಿನ್ (ಹೊರನೋಟದ ಅಲಂಕಾರ) ಬಾರದಿದ್ದರೆ ಮತ್ತೊಂದು ಕ್ರೇಟ್. ಓಸಿ ಚೀಟಿ ಬರೆಸುವವನಿಗೆ ತಾನು ಆಡುತ್ತಿರುವುದು ಜೂಜು ಎಂಬುದಾದರೂ ಗೊತ್ತಿರುತ್ತದೆ. ಶಾಲೆಗೆ ಹೋಗುವ ಹುಡುಗನಿಗೆ ಅಷ್ಟೂ ಗೊತ್ತಿರುವುದಿಲ್ಲ. ಈ ವಿಷಯದಲ್ಲಿ ಅತ್ಯಂತ ಕಳವಳಕಾರಿ ಸಂಗತಿ ಇದೇ.

2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮೂಲಕ ರಾಜ್ಯವು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವನ್ನೂ ಸೇರಿಸಿ, ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಅದರ ಮುಖ್ಯ ಕಲಂಗಳನ್ನು ರದ್ದುಮಾಡಿತು. ವಾದ ಹೆಚ್ಚಾಗಿ ನಡೆದದ್ದು ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ಟಿನ ಸುತ್ತ.

ಹೊರದೇಶಗಳು ಇದಕ್ಕೂ ಮೊದಲೇ ಪೆಟ್ಟಿಗೆಗೆ ಕೈಹಾಕಿದ್ದವು. ಪೆಟ್ಟಿಗೆಗಳಿಂದ ಬರುವ ವಸ್ತುಗಳ ಪೂರ್ತಿ ಕಟ್ಟು ಸೇರಿಸಿದರೆ ಮಾತ್ರ ಬಹುಮಾನ ಸಿಗುವ ‘ಕಂಪ್ಲೀಟ್ ಗಾಚಾ’ವನ್ನು ಜಪಾನ್ 2012ರಲ್ಲಿ ತಡೆಯಿತು. ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಪ್ರಕಟಿಸಬೇಕೆಂದು ಚೀನಾ 2017ರಲ್ಲಿ ಕಡ್ಡಾಯ ಮಾಡಿತು. ಬೆಲ್ಜಿಯಂ 2018ರಲ್ಲಿ ಇದನ್ನು ಜೂಜೆಂದೇ ಪರಿಗಣಿಸಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬಿಟ್ಟು ಹಣದ ಆಟಗಳನ್ನು ನಿಷೇಧಿಸಿತು. ಅಂಥ ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಹಣ ಕೊಟ್ಟು ಪಡೆದ ನಾಣ್ಯ, ಟೋಕನ್‌ಗಳೂ ಅದರ ಪ್ರಕಾರ ಪಣವೇ. ಆದರೆ ಆಟದಿಂದ ಆಚೆ ಮಾರಲಾಗದ ಸ್ಕಿನ್ ‘ಗಳಿಕೆ’ ಆಗುತ್ತದೆಯೇ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ, ಸಾಧ್ಯತೆಯ ಪ್ರಮಾಣ ತೋರಿಸಬೇಕೆಂದೂ ಹೇಳಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿ ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು, ಬೇರೆ ಹೈಕೋರ್ಟುಗಳ ಅರ್ಜಿಗಳೊಂದಿಗೆ, ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ತನಗೆ ವರ್ಗಾಯಿಸಿಕೊಂಡಿತು.