ಹಿತ್ತಲ ಹಸಿರುಮನೆ

ಹಿತ್ತಲ ಹಸಿರುಮನೆ: ಒಳಗೆ ನೆಟ್ಟಗೆ ನಿಂತು ಓಡಾಡಿಕೊಂಡು ಕೆಲಸ ಮಾಡುವಷ್ಟು ಎತ್ತರದ, ಬೆಳಕನ್ನು ಒಳಬಿಡುವ ಹೊದಿಕೆಯ ಚಿಕ್ಕ ಸಸ್ಯಗೃಹ. ಮನೆಬಳಕೆಯ ತರಕಾರಿ, ಸಸಿ, ಹೂಗಿಡಗಳಿಗಾಗಿ ಇದನ್ನು ಹಿತ್ತಲಲ್ಲೋ ಮನೆ ಪಕ್ಕದ ಖಾಲಿ ಜಾಗದಲ್ಲೋ ಕಟ್ಟಿಕೊಳ್ಳುತ್ತಾರೆ. ಇದರ ದೊಡ್ಡ ರೂಪಕ್ಕೆ ರೈತರು ಪಾಲಿಹೌಸ್ ಎನ್ನುತ್ತಾರೆ. ಹೊದಿಕೆ ಬರೀ ಬಲೆಯಾಗಿದ್ದರೆ ಅದು ನೆರಳುಮನೆ ಅಥವಾ ಶೇಡ್‌ನೆಟ್. ಚಳಿದೇಶಗಳಲ್ಲಿ ಹಸಿರುಮನೆ ಹುಟ್ಟಿದ್ದು ಶಾಖವನ್ನು ಹಿಡಿದಿಡಲು. ಕರ್ನಾಟಕದಲ್ಲಿ ಅದಕ್ಕೆ ಬೇರೆಯದೇ ಕೆಲಸ: ಮಳೆಯ ಹೊಡೆತ, ಏರುಬಿಸಿಲು, ಕೀಟ ಇವುಗಳಿಂದ ಗಿಡವನ್ನು ಕಾಯುವುದು. ಶಾಖ ಇಲ್ಲಿ ಬೇಕಾದದ್ದಲ್ಲ, ಹೊರಹಾಕಬೇಕಾದದ್ದು. ಇದನ್ನು ಗಮನಿಸದೆ ಹೊರದೇಶದ ಮಾದರಿಯನ್ನು ಹಾಗೆಯೇ ತಂದು ನಿಲ್ಲಿಸಿದರೆ ಮೊದಲ ಬೇಸಿಗೆಯಲ್ಲೇ ಗಿಡಗಳು ಬೆಂದುಹೋಗುತ್ತವೆ.

ಹಿನ್ನೆಲೆ

ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಊಟಕ್ಕೆ ವರ್ಷವಿಡೀ ಸೌತೆ ಜಾತಿಯ ಕಾಯಿ ಒದಗಿಸಲು ತೋಟಗಾರರು ಗಾಲಿ ಕಟ್ಟಿದ ಮಡಿಗಳನ್ನು ಬಿಸಿಲಿಗೆ ಎಳೆದು ತರುತ್ತಿದ್ದರು, ಚಳಿ ಬಿದ್ದಾಗ ಪಾರದರ್ಶಕ ಕಲ್ಲಿನ ಹಲಗೆಗಳ ಮರೆಗೆ ಒಯ್ಯುತ್ತಿದ್ದರು ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಗಾಜಿನ ಮನೆ ಬಹಳ ಕಾಲ ಸಿರಿವಂತರ ಸೊತ್ತಾಗಿಯೇ ಉಳಿಯಿತು. ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾದ ಮೇಲೆ ಅದು ಮಧ್ಯಮವರ್ಗದ ಹಿತ್ತಲಿಗೂ ಇಳಿಯಿತು. ಚಾಟ್ಸ್‌ವರ್ತ್ ಬಂಗಲೆಯ ತೋಟಗಾರನಾಗಿ ಗಾಜಿನ ಮನೆಗಳನ್ನು ಕಟ್ಟಿ ಪಳಗಿದ ಜೋಸೆಫ್ ಪ್ಯಾಕ್ಸ್‌ಟನ್, ಅದೇ ಅನುಭವದ ಬಲದಿಂದ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ರೂಪಿಸಿದ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯ ಕಲ್ಪನೆಗೆ ಅದೇ ಮೂಲ. ಜಾನ್ ಕ್ಯಾಮರಾನ್ ಉದ್ಯಾನದ ಮೇಲ್ವಿಚಾರಕನಾಗಿದ್ದಾಗ, 1889ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು.

ಗಾಜನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಹೊರಳಿದ್ದು ಮಾತ್ರ ಈಚಿನ ಮಾತು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಇ. ಎಂ. ಎಮರ್ಟ್ 1948ರಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಬೆಳೆ ತೆಗೆದ. ಇಂದು ಸಾಮಾನ್ಯ ಮನೆಯವರಿಗೂ ಹಸಿರುಮನೆ ಕೈಗೆಟುಕುತ್ತಿದ್ದರೆ ಅದಕ್ಕೆ ಕಾರಣ ಈ ಹಾಳೆ. ಭಾರತದಲ್ಲಿ ಶಾಖಕ್ಕಾಗಿಯೇ ಹಸಿರುಮನೆ ಕಟ್ಟುವ ಕಡೆಗಳಲ್ಲಿ ಲಡಾಖ್ ಒಂದು. ಅಲ್ಲಿ ಮೂರು ಕಡೆ ದಪ್ಪನೆಯ ಮಣ್ಣಿಟ್ಟಿಗೆ ಗೋಡೆ ಎಬ್ಬಿಸಿ, ದಕ್ಷಿಣಕ್ಕೆ ಮಾತ್ರ ಪಾಲಿಥೀನ್ ಹೊದಿಸಿ, ಹೊರಗೆ ನೀರು ಹೆಪ್ಪುಗಟ್ಟುವ ದಿನಗಳಲ್ಲೂ ಸೊಪ್ಪು ಬೆಳೆಯುತ್ತಾರೆ.

ಶಾಖ ನಿಲ್ಲುವುದು ಹೇಗೆ

ಬೆಳಕು ಗಾಜನ್ನು ದಾಟಿ ಒಳಬರುತ್ತದೆ, ಒಳಗೆ ಕಾದ ನೆಲ ಹೊಮ್ಮಿಸುವ ಅವಕೆಂಪು ಕಿರಣವನ್ನು ಗಾಜು ಹೊರಬಿಡುವುದಿಲ್ಲ, ಹಾಗಾಗಿ ಒಳಗೆ ಶಾಖ ಏರುತ್ತದೆ ಎಂಬುದು ಶಾಲೆಯಲ್ಲಿ ಕಲಿಸುವ ವಿವರಣೆ. ಇದು ಅರ್ಧ ನಿಜ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಕಪ್ಪು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಅವಕೆಂಪು ಕಿರಣವನ್ನು ಸರಾಗವಾಗಿ ಬಿಡುವ ಕಲ್ಲುಪ್ಪಿನ ಹಲಗೆ ಮುಚ್ಚಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ, ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಕಾದವು. ಶಾಖವನ್ನು ಹಿಡಿದಿಟ್ಟದ್ದು ಮುಖ್ಯವಾಗಿ ಮುಚ್ಚಳ: ಕಾದ ಗಾಳಿ ಮೇಲೆದ್ದು ಹೋಗಲು ಅದು ದಾರಿ ಕೊಡಲಿಲ್ಲ.

ಹಿತ್ತಲ ತೋಟಗಾರನಿಗೆ ಈ ಪ್ರಯೋಗಕ್ಕಿಂತ ಉಪಯುಕ್ತವಾದ ವಿಜ್ಞಾನ ಬೇರೊಂದಿಲ್ಲ. ಕಲ್ಲುಪ್ಪಿನಂತೆ ಪಾಲಿಥೀನ್ ಕೂಡ ಅವಕೆಂಪು ಕಿರಣವನ್ನು ಬಹುಪಾಲು ಹೊರಬಿಡುತ್ತದೆ. ಆದರೂ ಮುಚ್ಚಿದ ಪಾಲಿಥೀನ್ ಮನೆ ಹಗಲಲ್ಲಿ ಹೊರಗಿಗಿಂತ ಹತ್ತು ಡಿಗ್ರಿಗೂ ಮೀರಿ ಕಾಯುತ್ತದೆ. ರಾತ್ರಿ ಆ ಶಾಖವೆಲ್ಲ ಹೊರಟುಹೋಗುತ್ತದೆ. ಬಯಲುಸೀಮೆಯಲ್ಲಿ ಡಿಸೆಂಬರಿನ ತಿಳಿಯಾಗಸದ ರಾತ್ರಿ ಒಳಗಿನ ಚಳಿ ಒಮ್ಮೊಮ್ಮೆ ಹೊರಗಿಗಿಂತ ತುಸು ಹೆಚ್ಚೇ ಇರುತ್ತದೆ. ಹೀಗಾಗಿ ಚಳಿಗೆ ಕಾಪಾಡುತ್ತದೆ ಎಂಬ ನಂಬಿಕೆಯಲ್ಲಿ ಎಲ್ಲ ಕಿಂಡಿ ಮುಚ್ಚಿ ಕೂರುವುದರಿಂದ ಲಾಭವಿಲ್ಲ. ಗಾಳಿಗೆ ದಾರಿ ಮಾಡುವುದೇ ಕಟ್ಟುವವನ ಮೊದಲ ಲೆಕ್ಕ.

ಜಾಗ, ಚೌಕಟ್ಟು, ಹೊದಿಕೆ

ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗ ಬೇಕು. ಮಧ್ಯಾಹ್ನ ಮೂರರ ನಂತರ ಪಶ್ಚಿಮದಲ್ಲಿ ಮನೆಯದೋ ಮರದ್ದೋ ನೆರಳು ಬಿದ್ದರೆ ಒಳ್ಳೆಯದೇ. ಆದರೆ ತೆಂಗಿನ ಮರದ ಕೆಳಗೆ ಮಾತ್ರ ಕಟ್ಟಲೇಬಾರದು. ಒಣಗಿದ ಒಂದು ಗರಿ ಬಿದ್ದರೆ ಸಾಕು, ಹಾಳೆ ಉದ್ದಕ್ಕೂ ಸೀಳುತ್ತದೆ. ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿದರೆ ಆ ಬದಿಯ ಗಾಳಿ ಸತ್ತುಹೋಗುತ್ತದೆ. ಕನಿಷ್ಠ ಮೂರಡಿ ಬಿಡಬೇಕು, ಹಾಳೆ ತೊಳೆಯಲೂ ಆ ಸಂದು ಬೇಕಾಗುತ್ತದೆ.

ಒಂದು ಕುಟುಂಬಕ್ಕೆ 10 ಅಡಿ ಅಗಲ, 12 ಅಡಿ ಉದ್ದ ಧಾರಾಳ. ನಡುವೆ ಎರಡಡಿ ಓಡಾಟದ ದಾರಿ, ಎರಡು ಬದಿ ಮಡಿ. ಎತ್ತರದಲ್ಲಿ ಜಿಪುಣತನ ಕೂಡದು: ಬದಿ ಏಳಡಿ, ನೆತ್ತಿ ಹತ್ತಡಿ ಇದ್ದರೆ ಕಾದ ಗಾಳಿ ಗಿಡದ ತಲೆಯಿಂದ ಮೇಲಕ್ಕೆ ಸರಿದು ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವ, ಜಿಪ್ ಬಾಗಿಲಿನ, ತೆಳು ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸುವ ಸಿದ್ಧ ಹಸಿರುಮನೆಗಳು ಸಾಮಾನ್ಯವಾಗಿ ಇದಕ್ಕಿಂತ ಗಿಡ್ಡ. ಅವುಗಳ ನೆತ್ತಿಯಲ್ಲಿ ಕಿಂಡಿಯೂ ಇರುವುದಿಲ್ಲ. ಸಸಿ ಎಬ್ಬಿಸಲು ಅವು ಸಾಲುತ್ತವೆ, ಟೊಮೆಟೊ ಬೆಳೆಯಲು ಸಾಲುವುದಿಲ್ಲ. ಮೇಲಾಗಿ ಅವು ಹಗುರ. ಏಪ್ರಿಲ್‌-ಮೇ ತಿಂಗಳ ಬಿರುಗಾಳಿ ಒಂದು ಬದಿಯಿಂದ ನುಗ್ಗಿದರೆ ಇಡೀ ಚೌಕಟ್ಟು ಎದ್ದು ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಬೀಳಬಹುದು. ಅಂಥದ್ದನ್ನು ಕೊಂಡವರು ನಾಲ್ಕೂ ಮೂಲೆಗೆ ಗೂಟ ಹೊಡೆದು ಹಗ್ಗ ಬಿಗಿಯುವುದು, ಬುಡದ ಕೊಳವೆಗಳ ಮೇಲೆ ಮರಳುಚೀಲ ಹೇರುವುದು ತಪ್ಪಿಸಬಾರದು.

ಸ್ಥಿರವಾಗಿ ಕಟ್ಟುವುದಾದರೆ ಸತುವು ಲೇಪಿಸಿದ ಕಬ್ಬಿಣದ ಜಿಐ ಪೈಪು ಉತ್ತಮ. ಕಂಬಗಳನ್ನು ಎರಡಡಿ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಬೇಕು. ಬಿದಿರು ಅಗ್ಗ, ಆದರೆ ಗೆದ್ದಲು ಮತ್ತು ಮಳೆಗೆ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ನೆತ್ತಿಯ ಉದ್ದಕ್ಕೂ ಒಂದು ಬದಿಯ ಛಾವಣಿ ಇನ್ನೊಂದಕ್ಕಿಂತ ಒಂದೂವರೆ ಅಡಿ ಮೇಲಿದ್ದು ನಡುವೆ ಕಿಂಡಿ ಉಳಿಯಬೇಕು. ಮುಂಗಾರು ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುವುದರಿಂದ ಆ ಕಿಂಡಿ ಪೂರ್ವಕ್ಕೆ ತೆರೆದಿರಲಿ. ಆಗ ಎರಚಲು ಒಳಗೆ ಬರುವುದಿಲ್ಲ, ಬೀಸುವ ಗಾಳಿ ಒಳಗಿನ ಬಿಸಿಯನ್ನು ಹೀರಿ ಎಳೆಯುತ್ತದೆ. ಬದಿಗಳಲ್ಲಿ ನೆಲದಿಂದ ಎರಡಡಿ ಹಾಳೆ, ಅದರ ಮೇಲೆ ಕೀಟಬಲೆ, ಬಲೆಯ ಹೊರಗೆ ಪೈಪಿಗೆ ಸುತ್ತಿ ಏರಿಸಿ ಇಳಿಸುವ ಪರದೆ. ತಂಪು ಗಾಳಿ ಬದಿಯಿಂದ ಒಳಬಂದು ಕಾದದ್ದು ನೆತ್ತಿಯಿಂದ ಹೊರಡುವ ಈ ಏರ್ಪಾಡಿಗೆ ಫ್ಯಾನ್ ಬೇಡ, ಕರೆಂಟು ಬೇಡ.

ಹೊದಿಕೆಗೆ ಅತಿನೇರಳೆ ಕಿರಣ ತಾಳುವಂತೆ ಸಂಸ್ಕರಿಸಿದ 200 ಮೈಕ್ರಾನ್ ಪಾಲಿಥೀನ್ ಹಾಳೆಯೇ ರೂಢಿ. ಸರಿಯಾಗಿ ಹೊದಿಸಿದರೆ ಮೂರು ವರ್ಷಕ್ಕೆ ಮೋಸವಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಶೀಟು ಒಂದೇ ಬೇಸಿಗೆಯಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ಹಾಳೆಗೆ ಒಳಮೈ, ಹೊರಮೈ ಎಂದಿರುತ್ತದೆ. ಅಂಚಿನ ಮುದ್ರೆ ನೋಡದೆ ತಿರುವುಮುರುವಾಗಿ ಹಾಕಿದರೆ ಇಬ್ಬನಿ ಹನಿಹನಿಯಾಗಿ ಎಲೆಯ ಮೇಲೆ ಬೀಳುತ್ತದೆ. ಅಂಚುಗಳನ್ನು ಅಲ್ಯೂಮಿನಿಯಂ ಪಟ್ಟಿಯ ಕಾಲುವೆಗೆ ಇಳಿಸಿ ಜಿಗ್‌ಜಾಗ್ ಸ್ಪ್ರಿಂಗ್ ಒತ್ತಿ ಭದ್ರಪಡಿಸಬೇಕು, ಮೊಳೆ ಹೊಡೆಯಬಾರದು. ಹಾಳೆ ಮೊದಲು ಸೀಳುವುದು ಪೈಪಿಗೆ ತಾಗಿದ ಗೆರೆಯಲ್ಲಿ. ಮಧ್ಯಾಹ್ನ ಆ ಲೋಹ ಮುಟ್ಟಲಾರದಷ್ಟು ಕಾದು ಹಾಳೆಯನ್ನು ಒಣಗಿಸುತ್ತದೆ. ಹೊದಿಸುವ ಮೊದಲೇ ಛಾವಣಿಯ ಪೈಪು ಕಮಾನುಗಳ ಬೆನ್ನಿಗೆ ಬಿಳಿ ಬಣ್ಣ ಬಳಿದರೆ ಅಥವಾ ಬಿಳಿ ಬಟ್ಟೆಪಟ್ಟಿ ಸುತ್ತಿದರೆ ಆಯುಷ್ಯ ಹೆಚ್ಚುತ್ತದೆ. ಗಂಧಕದ ಪುಡಿ, ಗಂಧಕದ ಹೊಗೆ ಬಳಸುವವರು ಒಂದು ಮಾತು ನೆನಪಿಡಬೇಕು: ಹಾಳೆಯಲ್ಲಿ ಬೆರೆಸಿರುವ ರಕ್ಷಕ ದ್ರವ್ಯವನ್ನು ಗಂಧಕ ಕೆಡಿಸುತ್ತದೆ.

ರಾಯಚೂರು, ಕಲಬುರಗಿ, ಬಳ್ಳಾರಿಯಂಥ ಬಿಸಿಲೂರುಗಳಲ್ಲಿ ಹಾಳೆಗಿಂತ ಶೇ. 50ರಷ್ಟು ನೆರಳು ಕೊಡುವ ಶೇಡ್‌ನೆಟ್ ಮೇಲು. ಆಗುಂಬೆಯಂಥ, ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಮಲೆನಾಡಿನಲ್ಲಿ ಬದಿ ಪೂರ್ತಿ ತೆರೆದಿಟ್ಟು ಛಾವಣಿಗೆ ಮಾತ್ರ ಹಾಳೆ ಹೊದಿಸಿದರೂ ಆಂಥೂರಿಯಂ, ಆರ್ಕಿಡ್, ಮೆಣಸಿನ ಸಸಿ ಚೆನ್ನಾಗಿ ಬರುತ್ತವೆ. ಛಾವಣಿಯ ಇಳಿಜಾರು ಅಲ್ಲಿ ಹೆಚ್ಚಿರಬೇಕು. ಹಾಳೆ ತುಸು ಸಡಿಲವಾದರೂ ನೀರು ಮಡುಗಟ್ಟಿ ಹೊಟ್ಟೆ ಬಿಟ್ಟು ಕೊನೆಗೆ ಹರಿಯುತ್ತದೆ. ಪೂರ್ತಿ ಸಜ್ಜಿನ ಹಸಿರುಮನೆಗೆ ಹೆಚ್ಚು ಒಗ್ಗುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರು ಮತ್ತು ಅದರ ಸುತ್ತಲ ಹವೆ.

ಮಣ್ಣು ಮತ್ತು ನೀರು

ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿ ಒಂದಡಿ ಎತ್ತರದ ಏರುಮಡಿ ಮಾಡುವುದು ವಾಡಿಕೆ. ಹಸಿ ಗೊಬ್ಬರ ಹಾಕಿದರೆ ಮುಚ್ಚಿದ ಜಾಗದಲ್ಲಿ ಅಮೋನಿಯಾ ಕಟ್ಟಿಕೊಂಡು ಎಲೆಯಂಚು ಸುಡುತ್ತದೆ. ಟ್ರೇಗಳಲ್ಲಿ ಸಸಿ ಎಬ್ಬಿಸಲು ತೊಳೆದ ತೆಂಗಿನ ನಾರಿನ ಪುಡಿ ಸಾಕು.

ಹೆಚ್ಚಿನವರ ಕಣ್ಣಿಗೆ ಬೀಳದ ಕಷ್ಟವೆಂದರೆ ಉಪ್ಪು. ಬಯಲಿನ ಮಣ್ಣನ್ನು ಪ್ರತಿ ಮಳೆಗಾಲ ತೊಳೆಯುತ್ತದೆ. ಹಸಿರುಮನೆಯ ಮಣ್ಣಿಗೆ ಮಳೆಯೇ ಇಲ್ಲ. ಗಡಸು ಬೋರ್‌ವೆಲ್ ನೀರು, ಅದರ ಮೇಲೆ ಗೊಬ್ಬರ: ಎರಡು ವರ್ಷದಲ್ಲಿ ಮಡಿಯ ಅಂಚಿನಲ್ಲಿ ಬಿಳಿ ಪೊರೆ ಕಾಣಿಸಿಕೊಳ್ಳುತ್ತದೆ, ನೀರಿದ್ದರೂ ಗಿಡ ಸೊರಗುತ್ತದೆ. ಇದಕ್ಕೆ ಮದ್ದು ಛಾವಣಿಯಲ್ಲೇ ಇದೆ. ಇಳಿಜಾರಿನ ತುದಿಗೆ ದೋಣಿ ಕಟ್ಟಿ ಡ್ರಮ್ಮಿಗೆ ಹರಿಸಿದರೆ, 10×12 ಅಡಿಯ ಮಾಡಿನ ಮೇಲೆ ವರ್ಷಕ್ಕೆ 900 ಮಿ.ಮೀ. ಮಳೆ ಬಿದ್ದಾಗ ಸುಮಾರು ಹತ್ತು ಸಾವಿರ ಲೀಟರ್ ಮೃದು ನೀರು ಲೆಕ್ಕಕ್ಕೆ ಬರುತ್ತದೆ. ಬೆಳೆ ತೆಗೆದಾದ ಮೇಲೆ ವರ್ಷಕ್ಕೊಮ್ಮೆ ಮಡಿಗಳನ್ನು ಈ ನೀರಿನಿಂದ ತೋಯಿಸಿ ಉಪ್ಪನ್ನು ಕೆಳಗಿಳಿಸಬೇಕು.

ನೀರನ್ನು ಬೆಳಗ್ಗೆ, ಬುಡಕ್ಕೆ, ಹನಿ ನೀರಾವರಿಯಲ್ಲಿ ಕೊಡುವುದು ಸರಿ. ಸಂಜೆ ಪೈಪು ಹಿಡಿದು ಗಿಡದ ತಲೆಯ ಮೇಲೆ ಸುರಿದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ರೋಗವನ್ನು ಕೈಯಾರೆ ಕರೆದಂತಾಗುತ್ತದೆ.

ಬೆಳೆ

ಮಳೆಗಾಲದ ಕೊತ್ತಂಬರಿ, ಬೇಸಿಗೆಯ ಪಾಲಕ್, ಬಣ್ಣದ ದೊಣ್ಣೆ ಮೆಣಸಿನಕಾಯಿ, ಟೊಮೆಟೊ, ಎಲ್ಲ ಬಗೆಯ ಸಸಿ ಇಲ್ಲಿ ಹಸನಾಗಿ ಬರುತ್ತವೆ. ಅವರೆ, ಕುಂಬಳಕ್ಕೆ ಈ ಖರ್ಚು ದಂಡ. ಟೊಮೆಟೊಗೆ ಮೇಲಿನ ತಂತಿಯಿಂದ ದಾರ ಇಳಿಬಿಟ್ಟು, ಪಕ್ಕದ ಕುಡಿ ಚಿವುಟಿ ಒಂದೇ ಕಾಂಡ ಏರಿಸುತ್ತಾರೆ. ಇದಕ್ಕೆ ಉದ್ದಕ್ಕೂ ಬೆಳೆಯುತ್ತ ಹೋಗುವ ತಳಿ ಬೇಕು. ರೋಗದ ಕಾಟವಿರುವಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹೈಬ್ರಿಡ್ ನೆನೆಯಬೇಕಾದದ್ದು. ಎಲೆಮುರುಟು ನಂಜು, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ಅದು ತಡೆದುಕೊಳ್ಳುತ್ತದೆ.

ಕೀಟಬಲೆ ಬಿಳಿನೊಣದ ಜೊತೆಗೆ ಜೇನನ್ನೂ ಹೊರಗಿಡುತ್ತದೆ. ಟೊಮೆಟೊ ಹೂ ತನ್ನ ಪರಾಗದಿಂದಲೇ ಕಾಯಿ ಕಚ್ಚುವುದಾದರೂ ಅದನ್ನು ಅಲುಗಾಡಿಸಲು ಗಾಳಿಯೋ ದುಂಬಿಯೋ ಬೇಕು. ಬಿಸಿಲೇರಿ ಇಬ್ಬನಿ ಆರಿದ ಹೊತ್ತಿನಲ್ಲಿ ದಾರವನ್ನು ಬೆರಳಿಂದ ಮೀಟಿದರೆ ಹಳದಿ ಪುಡಿ ಉದುರುವುದು ಕಣ್ಣಿಗೇ ಕಾಣುತ್ತದೆ. ಸೌತೆಯಲ್ಲಿ ಪರಾಗಸ್ಪರ್ಶವಿಲ್ಲದೆ ಕಾಯಿ ಕಚ್ಚುವ ತಳಿಗಳನ್ನೇ ಹಾಕಬೇಕು. ಹೀರೆ, ಹಾಗಲಕ್ಕೆ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುವ ತಾಳ್ಮೆ ಬೇಕು. ಹಗಲು 35 ಡಿಗ್ರಿ ದಾಟುತ್ತಿದ್ದರೆ ಟೊಮೆಟೊದ ಪರಾಗ ಸತ್ವ ಕಳೆದುಕೊಂಡು ಹೂ ಉದುರುತ್ತದೆ. ಅದನ್ನು ಗೊಬ್ಬರದ ಕೊರತೆಯೆಂದು ತಿಳಿದು ಇನ್ನಷ್ಟು ಗೊಬ್ಬರ ಸುರಿಯುವುದು ತಪ್ಪು. ಛಾವಣಿಯ ಮೇಲೆ, ಹೊರಗಡೆಯೇ, ನೆರಳುಬಲೆ ಎಳೆಯಬೇಕು. ಒಳಗೆ ಕಟ್ಟಿದ ಬಲೆ ತಾನೂ ಕಾದು ಶಾಖವನ್ನು ಒಳಗೇ ಬಿಡುತ್ತದೆ. ಮೋಡ ಕವಿದ ಜೂನ್‌ನಲ್ಲಿ ಅದೇ ಬಲೆಯನ್ನು ತೆಗೆಯದಿದ್ದರೆ ಗಿಡ ಬೆಳಕಿಲ್ಲದೆ ಬಡಕಲಾಗಿ ಉದ್ದಕ್ಕೆ ಚಾಚುತ್ತದೆ.

ಕೀಟ, ರೋಗ, ವರ್ಷದ ಆರೈಕೆ

ಮಳೆಗಾಳಿಯಿಲ್ಲದ ಈ ಆಶ್ರಯ ಕೀಟಕ್ಕೂ ಹಿತ. ಹೊರಗೆ ಜಡಿಮಳೆಗೆ ತೊಳೆದುಹೋಗುವ ಕೆಂಪು ನುಸಿ ಒಳಗೆ ಎಲೆಯಡಿ ಬಲೆ ನೇಯ್ದುಕೊಂಡು ಹಬ್ಬುತ್ತದೆ. ಅಂಗುಲಕ್ಕೆ 40ರಿಂದ 50 ಕಣ್ಣುಗಳಿರುವ (40–50 ಮೆಷ್) ಬಲೆ ಬಿಳಿನೊಣವನ್ನು ಬಹುಮಟ್ಟಿಗೆ ತಡೆದರೂ ಅದಕ್ಕಿಂತ ಸಣ್ಣ ಕೀಟವಾದ ಥ್ರಿಪ್ಸ್ ನುಸುಳುತ್ತದೆ. ಬಲೆ ಸಣ್ಣದಾದಷ್ಟೂ ಗಾಳಿ ಕಟ್ಟುವುದರಿಂದ ಇನ್ನೂ ಸಣ್ಣ ಬಲೆಗೆ ಹೋಗುವುದಕ್ಕಿಂತ ಬಾಗಿಲನ್ನು ಗಟ್ಟಿ ಮಾಡುವುದು ಜಾಣತನ. ನಡುವೆ ಮೂರಡಿ ಬಿಟ್ಟು ಎರಡು ಬಾಗಿಲು ಇಟ್ಟು, ಒಂದು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಗಿಡದ ತಲೆಮಟ್ಟದಲ್ಲಿ ತೂಗುಬಿಟ್ಟ ಹಳದಿ ಅಂಟುಹಾಳೆ ಬಿಳಿನೊಣವನ್ನೂ ನೀಲಿಯದು ಥ್ರಿಪ್ಸನ್ನೂ ಹಿಡಿದು, ಕಾಟ ಶುರುವಾದದ್ದನ್ನು ಮೊದಲೇ ತಿಳಿಸುತ್ತವೆ. ಆಗಲೇ ಬೇವಿನ ಎಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿದರೆ ವಿಷದ ಬಾಟಲಿ ಮುಟ್ಟುವ ಸಂದರ್ಭ ಅಪರೂಪ.

ಒಂದೇ ಮಣ್ಣಿನಲ್ಲಿ ಟೊಮೆಟೊ ಮೇಲೆ ಟೊಮೆಟೊ ಹಾಕಿದರೆ ಬೇರುಗಂಟಿನ ಜಂತುಹುಳು ಬರುವುದು ಖಂಡಿತ. ಕಿತ್ತ ಗಿಡದ ಬೇರನ್ನು ಪ್ರತಿ ಸಲ ನೋಡಬೇಕು. ಗಂಟುಗಳಿದ್ದರೆ ಬೇವಿನ ಹಿಂಡಿ, ಒಂದು ಬೆಳೆ ಚೆಂಡುಹೂ, ಏಪ್ರಿಲ್‌-ಮೇನಲ್ಲಿ ಮಡಿಯನ್ನು ನೆನೆಸಿ ಪಾರದರ್ಶಕ ತೆಳು ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬೇಯಿಸುವ ಸೌರೀಕರಣ ಇವೇ ದಾರಿ. ನಡುಬೇಸಿಗೆಯಲ್ಲಿ ಹೇಗೂ ಹೆಚ್ಚಿನ ಬೆಳೆ ಏಳುವುದಿಲ್ಲವಾದ್ದರಿಂದ ಆ ಕಾಲ ಈ ಕೆಲಸಕ್ಕೇ ಮೀಸಲಿರಲಿ.

ಹಿಂಗಾರು ಮುಗಿದು ಚಳಿ ಕಾಲಿಟ್ಟಾಗ ಹಾಳೆಯ ಮೇಲಿನ ದೂಳು, ಪಾಚಿಯನ್ನು ಮೆದು ಬಟ್ಟೆ ಮತ್ತು ತಿಳಿ ಸೋಪಿನ ನೀರಿನಿಂದ ತೊಳೆಯಬೇಕು. ಕೊಳಕು ಹಾಳೆ ಕಡಿಮೆ ಬಿಸಿಲಿನ ತಿಂಗಳಲ್ಲಿ ಬೆಳಕನ್ನು ಮತ್ತಷ್ಟು ಕಸಿಯುತ್ತದೆ. ಆ ದಿನಗಳಲ್ಲಿ ಬೂದಿ ರೋಗ ಹೆಚ್ಚು. ಬೆಳಗ್ಗೆ ಬೇಗನೆ ಪರದೆ ಎತ್ತಿ ಒಳಗಿನ ತೇವ ಹೊರಬಿಡುವುದು ಅರ್ಧ ಚಿಕಿತ್ಸೆ. ಮಾರ್ಚ್ ಹೊತ್ತಿಗೆ ಸ್ಪ್ರಿಂಗ್, ನಟ್ಟು, ಬಲೆಯ ಹೊಲಿಗೆ ಎಲ್ಲವನ್ನೂ ಒಮ್ಮೆ ತಡವಿ ನೋಡಿ, ಚಿಕ್ಕ ಸೀಳಿಗೆ ಎರಡೂ ಬದಿ ಪಾಲಿಥೀನ್ ಟೇಪು ಅಂಟಿಸಬೇಕು. ಬಿರುಗಾಳಿಯ ಸೂಚನೆ ಕಂಡರೆ ಪರದೆಗಳನ್ನೆಲ್ಲ ಇಳಿಸಿ ಬಿಗಿಯುವುದು ಕ್ಷೇಮ, ಒಂದು ಬದಿ ತೆರೆದಿದ್ದರೆ ಗಾಳಿ ಒಳತುಂಬಿ ಮಾಡನ್ನೇ ಎತ್ತುತ್ತದೆ.

ಬೆಳಕು ಮಬ್ಬಾಗಿ, ಹಿಡಿದರೆ ಚಿಟಚಿಟನೆ ಒಡೆಯತೊಡಗಿದ ಹಾಳೆಯನ್ನು ಮತ್ತೊಂದು ವರ್ಷ ಎಳೆಯದೆ ಮಳೆಗಾಲಕ್ಕೆ ಮುಂಚೆ ಬದಲಿಸಬೇಕು. ತೆಗೆದ ಹಾಳೆಯನ್ನು ಹಿತ್ತಲಲ್ಲಿ ಸುಡಬಾರದು, ಮಣ್ಣಲ್ಲಿ ಹೂಳಲೂಬಾರದು. ತೊಳೆದು ಮಡಿಸಿ ಗುಜರಿಯವರಿಗೆ ಕೊಟ್ಟರೆ ಪಾಲಿಥೀನ್ ಮರುಬಳಕೆಗೆ ಹೋಗುತ್ತದೆ. ಗಟ್ಟಿಯಾಗಿ ಉಳಿದ ತುಂಡುಗಳು ಗೊಬ್ಬರದ ಗುಂಡಿ ಮುಚ್ಚಲು, ಮುಂದಿನ ಸಲ ಕಮಾನಿನ ಬೆನ್ನಿಗೆ ಪಟ್ಟಿಯಾಗಿ ಹಾಕಲು ಒದಗುತ್ತವೆ.