ಅಂಕೀಯ ಪ್ರಸಾರವೂ ಹೊರನಾಡ ಕನ್ನಡವೂ

1972ರಲ್ಲಿ ಮುಂಬಯಿ ದೂರದರ್ಶನ ಕೇಂದ್ರವು ಆರಂಭವಾದಾಗ ಚಿತ್ರವೂ ಧ್ವನಿಯೂ ಅಖಂಡ ತರಂಗಗಳಾಗಿ ಪ್ರಸಾರವಾಗುತ್ತಿದ್ದವು. ಮುಂದೆ ಠಾಣೆ, ಕಲ್ಯಾಣಗಳ ಮನೆಗಳಿಗೆ ಬಂದ ಕೇಬಲ್ ಜಾಲದಲ್ಲಿಯೂ ಪ್ರತಿಯೊಂದು ವಾಹಿನಿಗೆ ಪ್ರತ್ಯೇಕ ಆವರ್ತನಪಟ್ಟಿ ಬೇಕಾಗಿದ್ದುದರಿಂದ ಅಲ್ಪಸಂಖ್ಯಾತರ ನುಡಿಗೆ ಎಡೆ ಕಿರಿದಾಗಿತ್ತು.

ಅಂಕೀಯ ವಿಧಾನವು ಈ ಇಕ್ಕಟ್ಟನ್ನು ಸಡಿಲಿಸಿತು. ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ಸಲ ಅಳೆದು, ಚಿತ್ರವನ್ನು ಬಿಂದುಗಳಾಗಿ ವಿಂಗಡಿಸಿ, ಎರಡನ್ನೂ ಸೊನ್ನೆ-ಒಂದುಗಳಲ್ಲಿ ಬರೆಯುವುದು ಇದರ ಮೂಲತತ್ತ್ವ. ಸೆಕೆಂಡಿನ 25 ಚಿತ್ರಗಳಲ್ಲಿ ಬದಲಾಗದ ಭಾಗವನ್ನು ಮರಳಿ ಮರಳಿ ಕಳುಹಿಸಬೇಕಾಗಿಲ್ಲ; ಹೀಗೆ ಉಳಿದ ಎಡೆಯಲ್ಲಿ ಹಲವು ವಾಹಿನಿಗಳು ಹಿಡಿಸುತ್ತವೆ.

ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳ ಕೇಬಲ್ ಜಾಲಕ್ಕೆ ಈ ಪರಿವರ್ತನೆಯ ಗಡುವು 2013ರ ಮಾರ್ಚ್ 31 ಆಗಿತ್ತು. 2019ರ ದರನಿಯಮವು ವಾಹಿನಿಗಳ ಆಯ್ಕೆಯನ್ನು ಗ್ರಾಹಕರಿಗೇ ಬಿಟ್ಟಿತು. ಎಡೆಯ ಅಭಾವವೆಂಬ ಹಳೆಯ ಕಾರಣವು ಇಂದು ಉಳಿದಿಲ್ಲ. ಕನ್ನಡವು ಮನೆಯೊಳಗೆ ಕೇಳಿಸುವುದು ಮನೆಯವರ ಆಯ್ಕೆಗೆ ಸೇರಿದ ಮಾತು.